ಹಳೇ ಲೈನಿನ ಕಲ್ಲುಬೆಂಚು

ಕತ್ತಲಿರುವಾಗಲೇ ಎದ್ದು ಹಂಡೆಗೆ ನೀರು ತುಂಬಿ ಉರಿ ಹಚ್ಚುವುದು. ಎಮ್ಮೆಯ ಕೆಳಗೆ ಬಳಿದು, ಹೊಟ್ಟು ಇಟ್ಟು, ಹಾಲು ಹಿಂಡುವುದು. ಅಂಗಳ ಗುಡಿಸಿ ನೀರು ಚಿಮುಕಿಸಿ ಥಳಿ ಹೊಡೆಯುವುದು. ಮಾವ ಶೇಖಪ್ಪನಿಗೆ ಸಕ್ಕರೆ ಹಾಕಿದ ಚಹಾ, ಅತ್ತೆ ಕರೆವ್ವನಿಗೆ ಸಕ್ಕರೆ ಇಲ್ಲದ ಚಹಾ. ಬ್ಯಾಡಗಿ ಮಾರುಕಟ್ಟೆಗೆ ರಾತ್ರಿಯೆಲ್ಲ ಮೆಣಸಿನಕಾಯಿ ಚೀಲ ಸಾಗಿಸಿ ಬಂದು ಮಲಗಿರುವ ಗಂಡನಿಗೆ ಥರ್ಮಾಸಿನಲ್ಲೊಂದಿಷ್ಟು, ಯಾಕೆಂದರೆ ಎದ್ದವನು ಒಲೆ ಹೊತ್ತಿಸಿಕೊಳ್ಳುವ ಪೈಕಿಯಲ್ಲ. ಆಮೇಲೆ ಜೋಳದ ಹಿಟ್ಟು ಮಿದ್ದು ರೊಟ್ಟಿ ಬಡಿಯುವುದು, ಪಲ್ಯ ಒಗ್ಗರಿಸುವುದು, ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ತಾಟಿನ ಅಂಚಿಗೆ ಇಡುವುದು, ರಾತ್ರಿ ಮುಸುರೆಯ ಪಾತ್ರೆ ತಿಕ್ಕುವುದು, ತಲೆಗೆ ನೀರು ಹಾಕಿಕೊಳ್ಳುವ ದಿನವಾದರೆ ಅದನ್ನೂ ಇದರ ನಡುವೆಯೇ ಎಲ್ಲೋ ತುರುಕುವುದು.

ಇಷ್ಟಾದ ಮೇಲೆ ಸುಶೀಲವ್ವ ರೊಟ್ಟಿ ಬಡಿಯಲು ಹಾವೇರಿಗೆ ಹೋಗುತ್ತಾಳೆ.

ಹಾವೇರಿಯಲ್ಲಿ ಸುಲಭಾ ಎಂಬಾಕೆ ಕಡಕ್ ರೊಟ್ಟಿಯ ಕಾರಖಾನೆ ಇಟ್ಟಿದ್ದಾಳೆ. ಕಾರಖಾನೆ ಎಂದರೆ ತಗಡಿನ ಶೆಡ್ಡು, ಅದರೊಳಗೆ ಸಾಲಾಗಿ ಒಲೆಗಳು. ಮನೆಯಲ್ಲಿ ಬಡಿದ ರೊಟ್ಟಿಯನ್ನು ಯಾರೂ ಎಣಿಸುವುದಿಲ್ಲ, ಇಲ್ಲಿ ಬಡಿದದ್ದನ್ನು ಎಣಿಸುತ್ತಾರೆ. ಸುಶೀಲವ್ವನಿಗೆ ಕಂಡ ವ್ಯತ್ಯಾಸ ಅಷ್ಟೆ, ಆದರೆ ಅದು ಸಣ್ಣದಲ್ಲ. ರಾಣೆಬೆನ್ನೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಸ್ನೇಹಾಳ ಹಾಸ್ಟೆಲ್ಲಿನ ಊಟ ನಡೆಯುವುದು ಇದರ ಮೇಲೆಯೇ. ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಒಲೆಗಳಿಗಿಂತ ಹೆಂಗಸರು ಹೆಚ್ಚು. ಉರಿ ಹಚ್ಚುವ ಹೊತ್ತಿಗೆ ಬಂದು ಕೂತವಳಿಗೆ ಒಲೆ, ತಡವಾಗಿ ಬಂದವಳಿಗೆ ಪ್ಯಾಕಿಂಗು. ಪ್ಯಾಕಿಂಗಿನ ಕೂಲಿ ಅರ್ಧ, ಅದೂ ದಿನಾ ಇರುವುದಿಲ್ಲ. ಪದೇಪದೇ ತಡವಾದವಳ ಒಲೆಗೆ ಬೇರೆಯವಳು ಬಂದು ಕೂತರೆ ಮತ್ತೆ ಏಳುವುದಿಲ್ಲ.

ಹಳ್ಳಿಯಿಂದ ಹೊರಡುವ ಮೊದಲ ಬಸ್ಸು ಒಲೆ ಹಚ್ಚಿದ ಮೇಲೆಯೇ ಹಾವೇರಿ ಮುಟ್ಟುವುದು. ಹಾಗಾಗಿ ಸುಶೀಲವ್ವ ಸೈಕಲ್ ಹಿಡಿದಳು. ಸ್ನೇಹಾಳಿಗೆ ಎಂಟನೇ ಇಯತ್ತೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. ಮಗಳು ಊರು ಬಿಟ್ಟ ಮೇಲೆ ದನದ ಕೊಟ್ಟಿಗೆಯಲ್ಲಿ ಒರಗಿಕೊಂಡಿತ್ತು. ಹಾದಿ ಹಳೇ ಲೈನಿನದು. ಹಿಂದೆ ರೈಲು ಹೋಗುತ್ತಿದ್ದ ಏರಿ ಅದು. ಹೊಸ ಹಳಿಗಳು ಅತ್ತ ಬಿದ್ದ ಮೇಲೆ ಈ ಕಡೆಯ ಹಳಿ ಕಿತ್ತುಕೊಂಡು ಹೋದರು. ದಪ್ಪ ಜಲ್ಲಿಯನ್ನು ಊರಿನವರು ಮನೆಯ ಬುನಾದಿಗೆ ಹೇರಿಕೊಂಡು ಹೋದರು. ಉಳಿದದ್ದು ಸಣ್ಣ ಕಲ್ಲು, ಗಟ್ಟಿ ಗರಸು. ಎರಡೂ ಬಾಯಿಗೆ ಹಳಿಯ ತುಂಡುಗಳನ್ನು ನಿಲ್ಲಿಸಿ ಹೂಳಿದ್ದರಿಂದ ಟ್ರ್ಯಾಕ್ಟರು, ಟಂಟಂ ಯಾವುದೂ ನುಗ್ಗುವಂತಿಲ್ಲ. ಎಡಬಲಕ್ಕೆ ಜಾಲಿ, ನಡುವೆ ಆಕೆಯೊಬ್ಬಳು.

ಹಾದಿ ಆಕೆಗೆ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಸೊಸೆಯಾದವಳು ಹಿರಿಯರು ಕೂತ ಕಟ್ಟೆಯ ಮುಂದೆ ಸೈಕಲ್ ಮೇಲೆ ಹೋಗುವಂತಿಲ್ಲ. ಇಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಸೈಕಲ್ ನೂಕಿಕೊಂಡು ದಾಟಬೇಕು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಪ್ರಸಂಗವನ್ನು ಯಾವ ಸೊಸೆಯೂ ತಂದಿಲ್ಲ. ಊರೊಳಗೆ ಅದೇನೂ ಭಾರವಲ್ಲ. ಗುಡಿ ಕಟ್ಟೆಯ ಮುಂದೆ ಇಳಿದರೆ ಹಿಟ್ಟಿನ ಗಿರಣಿಯ ಹತ್ತಿರ ಓಣಿ ತಿರುಗುತ್ತದೆ, ತಿರುಗಿದೊಡನೆ ಹತ್ತಬಹುದು. ಹಳೇ ಲೈನಿನ ಮೇಲೆ ಕಟ್ಟೆಯೇ ಇರಲಿಲ್ಲ. ಏರಿ ಹತ್ತಿ ಪೆಡಲ್ ತುಳಿದರೆ ಹಾವೇರಿಯವರೆಗೆ ಸುಶೀಲವ್ವ ಯಾರ ಸೊಸೆಯೂ ಅಲ್ಲ.

ಅಂಥ ಹಾದಿಗೆ ಹಾವೇರಿಯ ಸೈಕಲ್ ತಂಡ ಬಂತು. ಹಲ್ಲಿನ ಡಾಕ್ಟರ್ ಹೇಮಂತ, ಬ್ಯಾಂಕಿನ ಶ್ರದ್ಧಾ, ಇನ್ನೂ ಮೂರು ನಾಲ್ಕು ಜನ. ಟಗರಿನ ಕೋಡಿನ ಹಾಗೆ ಬಾಗಿದ ಹ್ಯಾಂಡಲ್ಲು, ಉಬ್ಬುಗೆರೆಯ ದಪ್ಪ ಟಯರು. ಗ್ರ್ಯಾವೆಲ್ ಬೈಕ್ ಅಂತೆ, ಡಾಂಬರು ಇಲ್ಲದ ಕಡೆಗೇ ಓಡಿಸಲು ಮಾಡಿದ್ದಂತೆ. ವಾರದಲ್ಲಿ ಒಂದೆರಡು ಮುಂಜಾನೆ ಬರುತ್ತಿದ್ದರು. ಶ್ರದ್ಧಾ ಮಾತಿನ ಹುಡುಗಿ. ಸುಶೀಲವ್ವನ ಪಕ್ಕಕ್ಕೆ ಬಂದು ವೇಗ ತಗ್ಗಿಸುತ್ತಿದ್ದಳು.

“ಅಕ್ಕಾ, ನಾವು ಈ ಹಾದಿ ಹುಡಕ್ಲಿಕ್ಕೆ ಎರಡು ವರ್ಷ ತಿರಗೇವಿ. ನೀವು ದಿನಾ ಇಲ್ಲೇ ಇದ್ದೀರಿ. ಭಾಳ ಲಕ್ಕಿ ನೀವು.”

“ಹೌದ್ರಿ,” ಎಂದಳು ಸುಶೀಲವ್ವ. ಹಿಟ್ಟು ಮಿದ್ದು ಮಣಿಕಟ್ಟು ಸೆಳೆಯುತ್ತಿತ್ತು.

“ನಿಮ್ಮ ಕಾಲು ಭಾಳ ಗಟ್ಟಿ ಅದಾವಲ್ಲ. ಜಿಮ್ಮಿಗೆ ಹೋಗತೀರೇನು?” ಎಂದು ಡಾಕ್ಟರು ಹಿಂದಿನಿಂದ ಚಾಷ್ಟಿ ಮಾಡಿದರು.

“ಹೋಗತೇನ್ರಿ, ಎಮ್ಮಿ ಕೊಟ್ಟಿಗ್ಯಾಗ ಐತಿ,” ಎಂದಳು. ಎಲ್ಲರೂ ನಕ್ಕರು.

ಒಂದು ದಿನ ಅವರೆಲ್ಲ ಗರಸಿನ ಮೇಲೆಯೇ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಈ ಹಾದಿಗೆ ಏನಾದರೂ ಮಾಡಬೇಕು ಅಂತ ಇದ್ದೇವೆ, ದಿನಾ ಓಡಾಡುವವರು ನೀವು, ನೀವೇ ಹೇಳಿರಿ ಎಂದು ಶ್ರದ್ಧಾ ಕೇಳಿದಳು. ಏನು ಬೇಕು ಎಂದು ಸುಶೀಲವ್ವನನ್ನು ಯಾರೂ ಕೇಳಿ ರೂಢಿಯಿಲ್ಲ. ಮನೆಗೆ ಬಂದವರು ನೆಲಕ್ಕೆ ಕೂತರೆ ಚಾಪೆ ಹುಡುಕುವ ಕೈ ಅವಳದು. ಡಾಕ್ಟರರ ಬಿಳಿ ಚಡ್ಡಿಗೆ ಕೆಮ್ಮಣ್ಣು ಹತ್ತಿದ್ದು ಕಾಣಿಸಿತು.

“ಕುಂದ್ರಾಕ ಒಂದು ಕಟ್ಟಿ ಇದ್ದಿದ್ರ ನಿಮಗ ಚೊಲೋ ಆಕ್ಕಿತ್ತು ನೋಡ್ರಿ,” ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಲುಬೆಂಚು ಬಂದವು. ಒಂದು ಈ ಊರು ದಾಟಿದ ಕೂಡಲೇ, ಒಂದು ಮುಂದಿನ ಊರಿನ ಎದುರು, ಒಂದು ಹಾವೇರಿ ಬಾಯಿಯಲ್ಲಿ. ಬೆನ್ನಿಗೆ ಡಾಕ್ಟರರ ತೀರಿಹೋದ ತಂದೆಯ ಹೆಸರು ಕೆತ್ತಿತ್ತು. ಸುಶೀಲವ್ವನನ್ನು ಮೊದಲ ಬೆಂಚಿನ ಮೇಲೆ ಕೂರಿಸಿ ಫೋಟೋ ತೆಗೆದರು. ಆಕೆ ಆ ಬೆಂಚಿನ ಮೇಲೆ ಕೂತದ್ದು ಅದೊಂದೇ ಸಲ.

ಶೇಖಪ್ಪನಿಗೆ ರಕ್ತದೊತ್ತಡವಿತ್ತು. ಮುಂಜಾನೆ ತುಸು ಅಡ್ಡಾಡಬೇಕೆಂದು ಹೇಮಂತ ಡಾಕ್ಟರೇ ಬೆಂಚಿನ ಪೂಜೆಯ ದಿನ ಹೇಳಿದ್ದರು. ಹಲ್ಲಿನ ಡಾಕ್ಟರಾದರೇನು, ಡಾಕ್ಟರು. ಶೇಖಪ್ಪ ಮರುದಿನವೇ ತನ್ನ ವಾರಿಗೆಯ ಮೂವರನ್ನು ಕಟ್ಟಿಕೊಂಡು ಹಳೇ ಲೈನಿಗೆ ಬಂದ. ಅಡ್ಡಾಡಿದ್ದು ಬೆಂಚಿನವರೆಗೆ. ಊರೊಳಗಿನ ಕಟ್ಟೆಗೆ ಬೈಕುಗಳ ಧೂಳು, ಇಲ್ಲಿ ತಂಪು ಗಾಳಿ, ನೋಡಲಿಕ್ಕೆ ಚಡ್ಡಿ ಹಾಕಿದ ಸಾಹೇಬರು. ಮುಂದಿನ ಊರಿನ ಬೆಂಚಿಗೆ ಶೇಖಪ್ಪನ ತಂಗಿಯ ಗಂಡನ ಕಡೆಯವರು ಬಂದು ಕೂತರು. ಬೀಗರು. ಅವರ ಮುಂದೆಯೂ ಇಳಿಯಲೇಬೇಕು.

ಸುಶೀಲವ್ವ ಇಳಿದಳು. ಸೆರಗು ಎಳೆದುಕೊಂಡಳು, ಬೆಂಚು ದಾಟಿದಳು. ಆಮೇಲೆ ಹತ್ತೋಣವೆಂದು ತಿರುಗಿ ನೋಡಿದರೆ ಮಾವ ಕಾಣುತ್ತಿದ್ದ. ಇನ್ನಷ್ಟು ದೂರ ನಡೆದು ನೋಡಿದಳು, ಇನ್ನೂ ಕಾಣುತ್ತಿದ್ದ. ಓಣಿಯಾದರೆ ತಿರುಗುತ್ತದೆ, ಹೊಲದ ಹಾದಿಯಾದರೆ ಬದುವಿನ ಮರೆಗೆ ಬಾಗುತ್ತದೆ. ರೈಲಿನ ಹಾದಿ ನೂಲು ಹಿಡಿದು ಗೆರೆ ಹೊಡೆದ ಹಾಗೆ, ಏರಿಲ್ಲ, ಇಳಿತವಿಲ್ಲ, ತಿರುವಿಲ್ಲ. ಮಾವನ ತಲೆಯ ಪಟಕಾ ಸಣ್ಣದಾಗುತ್ತ ಹೋಯಿತೇ ಹೊರತು ಮರೆಯಾಗಲಿಲ್ಲ. ಅದು ಮರೆಯಾಗುವ ಮುಂಚೆಯೇ ಮುಂದೆ ಬೀಗರ ಬೆಂಚು ಕಾಣಿಸಿತು. ಸೈಕಲ್ಲು ನೂಕಿಕೊಂಡೇ ಅದನ್ನೂ ದಾಟಿದಳು. ಹಾವೇರಿ ಮುಟ್ಟಿದಾಗ ಶೆಡ್ಡಿನೊಳಗಿಂದ ರೊಟ್ಟಿಯ ಸದ್ದು ಕೇಳುತ್ತಿತ್ತು.

“ನಿನ್ನ ಜಾಗಾ ಹಿಡದಿಡಾಕ ನಿನ್ನ ಒಲಿ ಮುಂದ ಕಾಲು ಚಾಚಿ ನೋಡಿದೆ. ಕಾಲಿಗೆ ಯಾರೂ ಒಲಿ ಕೊಡಲಿಲ್ಲ,” ಎಂದಳು ಪಕ್ಕದ ಒಲೆಯ ಗುಲಾಬಬಿ. ಸುಶೀಲವ್ವ ಪ್ಯಾಕಿಂಗಿಗೆ ಕೂತಳು.

ಸುಶೀಲವ್ವ ಇನ್ನೂ ಮುಂಚೆ ಹೊರಡಲು ನೋಡಿದಳು. ಮುಂಚೆ ಹೊರಡಬೇಕೆಂದರೆ ಮುಂಚೆ ಏಳಬೇಕು. ಮುಂಚೆ ಎದ್ದರೆ ಪಾತ್ರೆಯ ಸಪ್ಪಳಕ್ಕೆ ಮಾವನೂ ಎದ್ದ, ಚಹಾ ಕುಡಿದು ಆಕೆಗಿಂತ ಮೊದಲೇ ಬೆಂಚು ಸೇರಿದ. ಗಂಡನಿಗೆ ಹೇಳಿದಳು.

“ಇಳದ್ರ ಕಾಲು ಸವೀತಾವೇನ?” ಎಂದ ವಿಜಯಮಹಾಂತೇಶ, ಮಲಗಿದಲ್ಲಿಂದಲೇ.

“ಕಾಲು ಸವಿಯೂದಿಲ್ಲ, ಒಲಿ ಹೋಗತೈತಿ.”

“ಹೋದ್ರ ಹೋತು. ಮನ್ಯಾಗ ಒಲಿ ಇಲ್ಲೇನ?”

“ಸ್ನೇಹಾನ ಊಟಾ?”

ಅವನು ಮಗ್ಗಲು ತಿರುಗಿದ. ಕೆಟ್ಟವನಲ್ಲ. ರಾತ್ರಿ ಗಾಡಿ ಹೊಡೆದವನಿಗೆ ಹಗಲು ನಿದ್ದೆ ಬೇಕು. ರಾತ್ರಿ ಹಗಲು ಎರಡೂ ಮೈಮುರಿದು ದುಡಿಯುವವಳ ನಿದ್ದೆ ಯಾವ ಹೊತ್ತಿನದು ಎಂದು ಅವನಿಗೂ ತಿಳಿಯದು.

ಶ್ರದ್ಧಾಳನ್ನು ಹಾದಿಯಲ್ಲಿ ನಿಲ್ಲಿಸಿ, ಬೆಂಚು ತೆಗೆಸಲಿಕ್ಕೆ ಆಗುತ್ತದೆಯೇ ಎಂದು ಕೇಳಿದಳು. ಶ್ರದ್ಧಾಳ ಮುಖ ಸಣ್ಣದಾಯಿತು. “ತೆಗೆಸೋದು ಹೆಂಗಕ್ಕಾ, ಡಾಕ್ಟ್ರು ಅವರಪ್ಪನ ಹೆಸರಿನ್ಯಾಗ ಹಾಕಿಸ್ಯಾರ. ಮತ್ತ,” ಎಂದು ತಡೆದಳು, “ನೀವೇ ಕೇಳಿದ್ರಲ್ಲ?”

ಸುಶೀಲವ್ವ ಬೆಂಚು, ಮಾವ, ಒಲೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ವಿಷಯವೆಲ್ಲ ಕೇಳಿ ತಿಳಿದ ಮೇಲೆ ಶ್ರದ್ಧಾಳಿಗೆ ಸಿಟ್ಟು ಬಂತು. “ಈ ಕಾಲದಾಗೂ ಇಳೀತೀರಿ? ಇಳೀಬ್ಯಾಡ್ರಿ. ರವಿವಾರ ನಾವು ಜೋಡಿ ಇರತೀವಿ. ಒಮ್ಮೆ ದಾಟಿದ್ರ ಆತು, ರೂಢಿ ಆಗತದ ಅವರಿಗೂ.”

ರವಿವಾರ ಮದುವೆಯ ರೊಟ್ಟಿಯ ಆರ್ಡರ್ ಇದ್ದುದರಿಂದ ಶೆಡ್ಡಿಗೆ ರಜೆ ಇರಲಿಲ್ಲ. ಮುಂದೆ ಡಾಕ್ಟರು, ಪಕ್ಕಕ್ಕೆ ಶ್ರದ್ಧಾ, ಹಿಂದೆ ಉಳಿದವರು, ನಡುವೆ ಸರ್ಕಾರದ ಸೈಕಲ್ಲು. ಬೆಂಚು ಹತ್ತಿರವಾದಂತೆ ಆಕೆಯ ಕಾಲು ತಾವಾಗಿಯೇ ಇಳಿಯಲು ನೋಡಿದವು. ನಿಂತರೆ ಹಿಂದಿನವರು ಬಂದು ಹಾಯುತ್ತಾರೆ. ಇಳಿಯಲಿಲ್ಲ. ಸೆರಗು ಹೆಗಲಿನಲ್ಲಿಯೇ ಇತ್ತು. ಶೇಖಪ್ಪ ಎದ್ದು ಡಾಕ್ಟರಿಗೆ ಕೈಮುಗಿದ, ನಕ್ಕ. ಸೊಸೆಯ ಕಡೆ ನೋಡಲಿಲ್ಲ. ದಾಟಿದ ಮೇಲೆ ಶ್ರದ್ಧಾ, “ಏನಾತು? ಏನೂ ಆಗಲಿಲ್ಲ,” ಎಂದಳು. ಆವತ್ತು ಸುಶೀಲವ್ವನಿಗೆ ಒಲೆ ಸಿಕ್ಕಿತು.

ಮಧ್ಯಾಹ್ನ ಇಳಿದ ಮೇಲೆ ಮನೆಗೆ ಬಂದರೆ ಕರೆವ್ವ ಪಡಸಾಲೆಯ ಕಂಬಕ್ಕೆ ಒರಗಿ ಬೆವರುತ್ತಿದ್ದಳು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅಡುಗೆ ಮನೆಯಲ್ಲಿ ಮುಂಜಾನೆ ಬಡಿದಿಟ್ಟ ರೊಟ್ಟಿ ಇಟ್ಟಲ್ಲೇ ಇದ್ದವು. ಗುಳಿಗೆ ಮಾತ್ರ ಇರಲಿಲ್ಲ, ಅದನ್ನು ನುಂಗಿ ಉಣ್ಣದೆ ಕೂತವಳಿಗೆ ಮೈಯ ಸಕ್ಕರೆ ಇಳಿದಿತ್ತು. ಸುಶೀಲವ್ವ ಓಡಿಹೋಗಿ ಸಕ್ಕರೆ ತಂದು ಅತ್ತೆಯ ಬಾಯಿಗೆ ಹಾಕಿದಳು. ಮುದುಕಿಗೆ ಕಣ್ಣು ನಿಲ್ಲಲು ಹೊತ್ತು ಹಿಡಿಯಿತು. ಶೇಖಪ್ಪ ಹೊರಗೆ ಜಗುಲಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ.

“ಗುಳಿಗಿ ತಗೊಂಡ ಮ್ಯಾಲ ಉಣಬೇಕಿಲ್ಲೇನತ್ತಿ?”

“ಹೆಂಗ ಉಣ್ಣಲೇ? ಅವರು ಮುಂಜಾನಿಂದ ತಾಟು ಮುಟ್ಟಿಲ್ಲ.”

“ಯಾಕಂತ?”

“ಹಸಿವಿಲ್ಲ ಅಂದ್ರು.” ಕರೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹಸಿವಿಲ್ಲ ಅಂದವರ ಹೊಟ್ಟಿ ಕೂಗೂದು ನನಗ ಇಲ್ಲಿತನಾ ಕೇಳಸ್ತಿತ್ತು. ಬೈದಿದ್ರ ಬೈಸಿಕೊಂಡು ಉಣ್ಣಾಕ ನೀಡತಿದ್ನಿ. ಬೈಯಲಿಲ್ಲ ನೋಡು.”

ಮದುವೆಯಾದಾಗಿನಿಂದ ಕರೆವ್ವ ಗಂಡನಿಗಿಂತ ಮೊದಲು ಉಂಡವಳಲ್ಲ. ಅವನು ಉಪವಾಸ ಕೂತರೆ ಇವಳೂ ಕೂರುವವಳೇ. ಇದು ಶೇಖಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತುಮಾಡಿಕೊಳ್ಳುವ ಜರೂರತ್ತು ಅವನಿಗೆ ಬಂದಿರಲಿಲ್ಲ. ಸೊಸೆಯ ಮೇಲೆ ಕೈ ಎತ್ತಲಿಲ್ಲ, ಮಾತು ಆಡಲಿಲ್ಲ, ನಾಳೆ ಊರಿನವರು ಕೇಳಿದರೆ ಅವನ ಮೇಲೆ ಹೊರಿಸಲು ಒಂದು ತಪ್ಪೂ ಸಿಗುವುದಿಲ್ಲ.

“ಅತ್ತಿ, ಸೈಕಲ್ ಇಳೀಲಾರದಾಕಿ ನಾನು. ನೀ ಯಾಕ ಹಸದು ಸಾಯತಿ?”

“ನನಗೂ ಗೊತ್ತಿಲ್ಲ ಬೇ. ತುತ್ತು ಬಾಯಿಗೆ ಒಯ್ದ್ನಿ. ಕೈ ತಿರುಗಿ ಬಂತು.”

ರಾತ್ರಿಯ ಊಟಕ್ಕೆ ಸುಶೀಲವ್ವ ಮಾವನ ಮುಂದೆ ತಾಟು ಇಟ್ಟು, ತಲೆ ತುಂಬ ಸೆರಗು ಹೊದ್ದು, “ನಾಳಿಂದ ಇಳೀತೇನ್ರಿ,” ಎಂದಳು. ಶೇಖಪ್ಪ ರೊಟ್ಟಿ ಮುರಿದ. ಒಳಗೆ ಕರೆವ್ವನೂ ಮುರಿದಳು.

ಆ ವಾರ ಮತ್ತೆ ನಡೆದೇ ಹೋದಳು, ಮತ್ತೆ ಪ್ಯಾಕಿಂಗಿಗೆ ಕೂತಳು. ಕೊನೆಗೆ ಸುಲಭಾ ಕರೆದು ಹೇಳಿದಳು. “ಸುಶೀಲಾ, ನಿನ್ನ ರೊಟ್ಟಿ ಕಾಗದ ಇದ್ದಂಗ ಅದ, ಇಲ್ಲಾ ಅನ್ನೂದಿಲ್ಲ. ಆದ್ರ ಗಿರಾಕಿಗೆ ನಿಮ್ಮ ಮಾವನ ಕಥಿ ಹೇಳ್ಲಿಕ್ಕೆ ಬರತದೇನು? ನಾಳೆ ಉರಿ ಹಚ್ಚೂದ್ರಾಗ ಬಾ. ಬರಲಿಲ್ಲಂದ್ರ ಆ ಒಲಿ ಬ್ಯಾರೇಕಿಗೆ ಕೊಡತೀನಿ.” ಹೇಳುವಾಗ ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲಿಗೆ ಬೀಳಬಹುದಿತ್ತು.

ಮರುದಿನ ಎಲ್ಲ ಕೆಲಸ ಮುಗಿಸಿ ಸುಶೀಲವ್ವ ಸೈಕಲ್ ಹೊರಗೆ ತಂದಾಗ ಮಾವ ಆಗಲೇ ಹೋಗಿಯಾಗಿತ್ತು. ಹಿಟ್ಟಿನ ಗಿರಣಿ ದಾಟಿದ ಮೇಲೆ ಹಾದಿ ಎರಡಾಗುತ್ತದೆ. ಬಲಕ್ಕೆ ಹಳೇ ಲೈನಿನ ಏರಿ. ಎಡಕ್ಕೆ ಹೊಲಗಳ ನಡುವೆ ಹಾದು ಹೆದ್ದಾರಿ ಸೇರುವ ರಸ್ತೆ. ಅಲ್ಲಿಂದ ಹಾವೇರಿಗೆ ಸುತ್ತು ಹೆಚ್ಚು, ಆದರೆ ಸೈಕಲ್ ಮೇಲೆಯೇ ಹೋಗಬಹುದು. ಬದಿಯ ಸರ್ವಿಸ್ ರೋಡು ಇನ್ನೂ ಅರ್ಧಕ್ಕೇ ನಿಂತಿದೆ. ಉಳಿದರ್ಧ ಹುಬ್ಬಳ್ಳಿ ಕಡೆಯಿಂದ ಬರುವ ಲಾರಿಗಳ ಜೊತೆಯಲ್ಲೇ. ಕಳೆದ ಬೇಸಿಗೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ಲಾರಿಗೆ ಸಿಕ್ಕು ಅಲ್ಲಿಯೇ ತೀರಿಹೋದ. ಹೊಸರಿತ್ತಿಯ ಕಡೆಯವನಂತೆ. ಹೆಂಗಸರು ಆ ರಸ್ತೆಗೆ ಸೈಕಲ್ ಒಯ್ಯುವುದಿಲ್ಲ. ಅಲ್ಲಿ ಕಟ್ಟೆಯಿಲ್ಲ, ಬೆಂಚಿಲ್ಲ, ಕೂತು ನೋಡುವವರು ಯಾರೂ ಇಲ್ಲ.

ಏರಿಯ ಮೇಲೆ ಮಬ್ಬು ಬೆಳಕಿನಲ್ಲಿ ಪಟಕಾಗಳು ಅಲುಗಿದವು. ಯಾರೋ ಕೆಮ್ಮಿದರು. ಅವಳನ್ನು ಅವರು ಇನ್ನೂ ನೋಡಿರಲಿಲ್ಲ. ಗಂಡನನ್ನು ಎಬ್ಬಿಸಿ ಕೇಳಿದ್ದರೆ ಬೇಡವೆನ್ನುತ್ತಿದ್ದ. ಕರೆವ್ವನಿಗೆ ಹೇಳಿದ್ದರೆ ಸಂಜೆಯವರೆಗೆ ಬಾಗಿಲಲ್ಲಿ ಕೂರುತ್ತಿದ್ದಳು. ಶ್ರದ್ಧಾ ಇನ್ನೇನೋ ಉಪಾಯ ಹೇಳುತ್ತಿದ್ದಳು. ಯಾರಿಗೂ ಹೇಳದೆ ಸುಶೀಲವ್ವ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದಳು.

ಹೆದ್ದಾರಿಯ ಅಂಚಿನಲ್ಲಿ ಇಳಿದು ನಿಂತಳು. ಒಂದು ಲಾರಿ ಹೋಯಿತು, ಅದರ ಗಾಳಿಗೆ ಸೈಕಲ್ಲು ಪಕ್ಕಕ್ಕೆ ವಾಲಿತು. ಅದರ ಬೆನ್ನಿಗೇ ಇನ್ನೊಂದು. ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿಕೊಂಡಳು. ಬಿಳಿ ಗೆರೆಯ ಆಚೆ ಸೈಕಲ್ಲು ಹಿಡಿಸುವಷ್ಟು ಡಾಂಬರು ಇತ್ತು. ಎರಡು ಲಾರಿಗಳ ನಡುವೆ ತುಸು ತೆರಪು ಸಿಕ್ಕಿತು, ಹತ್ತಿದಳು.