ಬೆಳ್ಳಗಾದ ಉಂಗುರ

ಭೈರಮ್ಮನಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಬಸ್ಸು ಎಲ್ಲಿಗೆ ಎಂದು ಕಂಡಕ್ಟರನನ್ನು ಕೇಳಿ, ಅವನು ಹೇಳಿದ್ದು ಸರಿಯೇ ಎಂದು ಪಕ್ಕದವರನ್ನೂ ಕೇಳುತ್ತಾಳೆ. ಸೀತೂರಿನಿಂದ ಬಂದು ಕೊಪ್ಪದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಕೆಲಸ ಹಿಡಿದು ಹದಿನೆಂಟು ವರ್ಷ. ಅಂಥವಳ ಬೆರಳಲ್ಲಿದ್ದ ಅವ್ವನ ಚಿನ್ನದ ಉಂಗುರ ಒಂದು ಸಂಜೆ ತವರದ ಹಾಗೆ ಬೆಳ್ಳಗೆ ಕಂಡಿತು.

ಹೋದ ತಿಂಗಳು ಅಕ್ಕಸಾಲಿ ಲೋಕೇಶನ ಹತ್ತಿರ ಅದನ್ನು ಸಡಿಲ ಮಾಡಿಸಿದ್ದಳು. ಕೆಲಸ ಮುಗಿಯುವವರೆಗೂ ಎದುರಿಗೇ ಕೂತಿದ್ದವಳು ಚಾ ಕುಡಿಯಲು ಎದ್ದದ್ದು ಒಂದೇ ಸಲ.

"ಅಷ್ಟರಲ್ಲೇ ಬದಲಾಯಿಸಿದಾನೆ. ನಾಳೆ ಪೇಟೆಗೆಲ್ಲ ಕೇಳೋ ಹಾಗೆ ಅವನ ಮಾನ ತೆಗೀತೀನಿ."

ಬಾಳಗಡಿಯ ಕಾಲೇಜಿನಲ್ಲಿ ಓದುವ ಮೊಮ್ಮಗಳು ಚೇತನಾ ಬಗ್ಗಿ ನೋಡಿದಳು. "ಅಜ್ಜಿ, ಇವತ್ತು ಎಂತ ಮುಟ್ಟಿದ್ದೆ?"

"ಬಿಪಿ ನೋಡೋ ಪೆಟ್ಟಿಗೆ ಬಿದ್ದು ಒಡೀತು. ಬೆಳ್ಳಿ ಗುಂಡು ಉರುಳ್ತಿದ್ವು, ಬಾಚಿ ಡಬ್ಬಿಗೆ ಹಾಕ್ದೆ."

"ಬರಿಗೈಲಾ? ಅದು ಪಾದರಸ, ವಿಷ! ಚಿನ್ನಕ್ಕೆ ತಾಗಿದ್ರೆ ಹಿಡ್ಕೊಂಡು ಬೆಳ್ಳಗೆ ಮಾಡಿಬಿಡುತ್ತೆ. ಧಾತುಗಳ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕದವೇ, ಎರಡೂ ಆಕಾಶದಲ್ಲಿ ಹುಟ್ಟಿದ್ದು."

"ಆಕಾಶದಲ್ಲಿ?"

"ದೊಡ್ಡ ನಕ್ಷತ್ರ ಸತ್ತು ಉಳಿಯೋ ತಿರುಳಿಗೆ ನ್ಯೂಟ್ರಾನ್ ನಕ್ಷತ್ರ ಅಂತಾರೆ. ಇಲ್ಲಿಂದ ಎನ್.ಆರ್.ಪುರದಷ್ಟು, ಇಪ್ಪತ್ತೇ ಕಿಲೋಮೀಟರ್ ಅಗಲ, ತೂಕ ಸೂರ್ಯನಿಗಿಂತ ಜಾಸ್ತಿ. ಅಂಥವೆರಡು ಸುತ್ತಿ ಸುತ್ತಿ ಡಿಕ್ಕಿ ಹೊಡೆದಾಗ ನ್ಯೂಟ್ರಾನ್ ಕಣಗಳು ಸಣ್ಣ ಪರಮಾಣುಗಳ ಮೇಲೆ ಸುರೀತಾವೆ. ಆ ಪರಮಾಣುಗಳು ಅವನ್ನ ನುಂಗಿ ನುಂಗಿ ತೂಕ ಏರಿ, ಕಡೆಗೆ ಕೆಲವು ಚಿನ್ನ ಆಗ್ತಾವೆ, ಕೆಲವು ಪಾದರಸ."

"ನೋಡಿದವರ್ಯಾರು?"

"ಎರಡು ಸಾವಿರದ ಹದಿನೇಳರಲ್ಲಿ ಅಂಥ ಡಿಕ್ಕಿಯ ಬೆಳಕು ದೂರದರ್ಶಕಕ್ಕೆ ಸಿಕ್ಕಿತ್ತು."

"ಬೆಳಕು ಕಂಡ್ರೆ ಚಿನ್ನ ಕಂಡಂಗಾ? ಲೋಕೇಶನೂ ಹಿಂಗೇ ಮಾತಾಡ್ತಾನೆ."

ಬೆಳಗ್ಗೆ ಅವನ ಅಂಗಡಿಗೆ ಹೋಗಿ ಉಂಗುರ ಎದುರಿಗಿಟ್ಟಳು. ಪಾದರಸದ ಸುದ್ದಿ ಎತ್ತಲಿಲ್ಲ. ಕಳ್ಳನಾದರೆ ಇವನೇ ತಡವರಿಸಲಿ ಎಂದುಕೊಂಡಳು. ಅವಳ ಮುಖ ನೋಡಿ ಬಾಗಿಲಲ್ಲಿ ನಾಲ್ಕು ಜನ ನಿಂತರು.

ಲೋಕೇಶ ಬೆರಳು ತಾಗಿಸದೆ ಚಿಮಟದಲ್ಲಿ ಎತ್ತಿದ. "ಎಂತ ಮಾರಾಯ್ರೆ, ಪಾದರಸದಲ್ಲಿ ಕೈ ಹಾಕಿದ್ರಾ? ಮೊದ್ಲು ಸೋಪು ಹಚ್ಚಿ ಕೈ ತೊಳೀರಿ. ಇದನ್ನ ಹೊರಗೆ ಬಯಲಲ್ಲೇ ಕಾಯಿಸ್ಬೇಕು, ಹೊಗೆ ಕೆಟ್ಟದ್ದು. ನೀವು ದೂರ ನಿಲ್ಲಿ."

ಭೈರಮ್ಮ ದೂರವೇ ನಿಂತಳು, ಆದರೆ ಕಣ್ಣು ಕೀಳಲಿಲ್ಲ. ಉರಿಗೆ ಬಿಳಿ ಹೋಗಿ ಮಂಕು ಹಳದಿ ಬಂತು. ಮೊಮ್ಮಗಳು ಹೇಳಿದ್ದೂ ಇವನು ಹೇಳಿದ್ದೂ ಒಂದೇ ಆಗಿದ್ದು ಅವಳಿಗೆ ಇನ್ನೊಂದು ಅನುಮಾನ ತಂದಿತು.

"ನಮ್ಮ ಚೇತನಾ ನಿಂಗೆ ಫೋನ್ ಮಾಡಿದ್ಲಾ?"

"ಯಾವ ಚೇತನಾ?"

ಆ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಎಂತ ನೋಡ್ತೀರಿ? ಅವನು ಸರಿಯಾಗೇ ಇದಾನೆ, ಹೋಗಿ," ಎಂದು ಗದರಿದಳು.