ಮಿಂಚನನ್ನು ಹಿಂದಕ್ಕೆ ಕರೆಯುವ ಮಾತು

ಯಗಟಿಯ ಹೇಮಾವತಿಗೆ ಮೊಬೈಲ್ ಆಟದ ಗೀಳು ಹಿಡಿದಿದೆ ಎಂದು ಕೇರಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳು ಫೋನಿನಲ್ಲಿ ಪ್ರಾಣಿಗಳನ್ನು ಕಾದಾಡಿಸುತ್ತಿದ್ದುದು ನಿಜ. "ಮಗೀಗೆ ಮಾತು ಎಲ್ಲಿಂದ ಬಂದಾತು? ತಾಯಿನೇ ಹಿಂಗೆ ಕುಂತ್ರೆ" ಎಂದು ಪಕ್ಕದ ಮನೆಯ ಮಾರಮ್ಮ ನೀರಿನ ಟ್ಯಾಂಕಿನ ಹತ್ತಿರ ಅಂದದ್ದು ಅವಳ ಕಿವಿಗೂ ಬಿತ್ತು. ಹೇಮಾ ಬಿಂದಿಗೆ ತುಂಬಿಸಿಕೊಂಡು ಬಂದಳು, ಜಗಳಕ್ಕೆ ನಿಲ್ಲಲಿಲ್ಲ. ಆ ಆಟವನ್ನು ತಾನು ಗೆಲ್ಲಬೇಕೆಂದು ಆಡುತ್ತಿಲ್ಲ, ಮಗಳಿಗಾಗಿ ಆಡುತ್ತಿದ್ದೇನೆ ಎಂದು ಟ್ಯಾಂಕಿನ ಮುಂದೆ ನಿಂತು ಯಾರಿಗೆ ಹೇಳುವುದು?

ಹೇಮಾ ಅಜ್ಜಂಪುರದ ಹುಡುಗಿ. ಪಿಯುಸಿ ಮುಗಿಸಿ, ಹೊಲಿಗೆ ಕಲಿತು, ಇಪ್ಪತ್ತೊಂದಕ್ಕೆ ಮದುವೆಯಾಗಿ ಯಗಟಿಗೆ ಬಂದಳು. ಗಂಡ ಶಶಿ ಕಡೂರಿನ ಶೆಡ್ಡೊಂದರಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾನೆ. ಮಗಳು ಅನುಪಮಾಗೆ ಎರಡೂವರೆ ತುಂಬಿದರೂ ಒಂದು ಮಾತಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಶಿವಮೊಗ್ಗದಲ್ಲಿ ತೋರಿಸಿದಾಗ ಡಾಕ್ಟರು ಆಟಿಸಂ ಎಂದರು. ಕಿವಿ ಸರಿಯಿದೆ, ಗಂಟಲು ಸರಿಯಿದೆ, ಆದರೆ ಮಾತು ಬಂದೇ ಬರುತ್ತದೆಂದು ಭರವಸೆ ಮಾತ್ರ ಕೊಡಲಾರೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಶಶಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಹೇಮಾ ಮಗಳ ಬಾಯಿಗೆ ಬಿಸ್ಕತ್ತಿನ ಚೂರು ಇಡುತ್ತ, ಡಾಕ್ಟರು ಹೇಳಿದ, ಕಡೂರಿನಲ್ಲಿ ಮಾತು ಕಲಿಸುವ ಅಕ್ಷತಾ ಟೀಚರ ಹತ್ತಿರ ಗುರುವಾರ ಗುರುವಾರ ಹೋಗಿ ಕೂರಬೇಕೆಂದರೆ ಯಾವ ಬಸ್ಸಿಗೆ ಹೊರಡಬೇಕು ಎಂದು ಲೆಕ್ಕ ಹಾಕುತ್ತಿದ್ದಳು.

ಆಟ ಮನೆಗೆ ಬಂದದ್ದು ತವರಿನಿಂದ. ತಮ್ಮ ತಿಪ್ಪೇಶನಿಗೆ ಅಜ್ಜಂಪುರದಲ್ಲಿ ಮೊಬೈಲ್ ಅಂಗಡಿ. ಒಂದು ದಿನ ಅವನು ಕೌಂಟರಿನ ಮೇಲೆ ಫೋನಿಟ್ಟು ಆಡುತ್ತಿದ್ದಾಗ, ಯಾರ ಮುಖವನ್ನೂ ನೋಡದ ಅನು ಆ ಗಾಜಿನ ಮೇಲೆ ಬೆರಳಿಟ್ಟು ನಕ್ಕಿದ್ದಳು. ಪರದೆಯ ಮೇಲಿದ್ದದ್ದು ಮುಂಗುಸಿಯಷ್ಟು ಪ್ರಾಣಿ. ನೀಲಿ ಬಾಲ, ತೆಳ್ಳನೆ ಮೈ, ಹೆಜ್ಜೆಗೊಂದು ಕಿಡಿ. ಕರೆಂಟಿನ ಜಾತಿಯದು, ಆಟದಲ್ಲಿ ಅದರಷ್ಟು ವೇಗದ್ದು ಇನ್ನೊಂದಿಲ್ಲ. ತಿಪ್ಪೇಶ ಅಕ್ಕನ ಫೋನಿಗೂ ಆಟ ಹಾಕಿಕೊಟ್ಟ.

ಹೆಸರಿಟ್ಟವರು ಮಾವ ರೇವಣಪ್ಪ. ಒಂದು ಕಾಲಕ್ಕೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಟಗರು ಕಾಳಗದಲ್ಲಿ ಅವರ ಟಗರಿನ ಹೆಸರು ಹೇಳಿದರೆ ಎದುರಾಳಿಗಳು ಹಗ್ಗ ಬಿಚ್ಚಲು ಹಿಂದೆಮುಂದೆ ನೋಡುತ್ತಿದ್ದರಂತೆ. ಸೊಸೆಯ ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಟಗರಿನ ವಯಸ್ಸು ಕೇಳುವಂತೆ ಕೇಳಿದರು:

"ಎಷ್ಟು ಹಲ್ಲಿಂದು ಇದು?"

"ಇದಕ್ಕೆ ಹಲ್ಲಿನ ಲೆಕ್ಕ ಇಲ್ಲ ಮಾವ."

"ಹಲ್ಲು ನೋಡ್ದೆ ಕಣಕ್ಕೆ ಬಿಡೋದಾ? ಚೆನ್ನಾಗೈತೆ ನಿಮ್ಮ ಕಾಳಗ. ಇರ್ಲಿ, ಮಿಂಚ ಅನ್ನು. ಹೆಸ್ರಾದ್ರೂ ಬ್ಯಾಡ್ವಾ?"

ಆಟದ ನಿಯಮ ಸುಲಭ. ಒಬ್ಬೊಬ್ಬರ ಬಳಿ ಮೂರು ಪ್ರಾಣಿ, ಕಣದಲ್ಲಿ ನಿಲ್ಲುವುದು ಒಂದೊಂದೇ. ವೇಗ ಯಾರದು ಹೆಚ್ಚೋ ಅವರ ಏಟು ಮೊದಲು. ಮಿಂಚನ ಏಟು ಯಾವಾಗಲೂ ಮೊದಲೇ. ನೀರಿನ ಪ್ರಾಣಿಗಳೂ ಹಕ್ಕಿಗಳೂ ಒಂದೇ ಏಟಿಗೆ ಮಲಗುತ್ತಿದ್ದವು. ಆದರೆ ಮೈ ಮಾತ್ರ ಹಪ್ಪಳ. ಎದುರಿನಿಂದ ಒಂದು ಭಾರಿ ಏಟು ಬಿದ್ದರೆ ಮುಗಿಯಿತು, ಎಂಟು ಗಂಟೆ ಕಾಲ ಏಳುವುದಿಲ್ಲ. ಮಣ್ಣಿನ ಜಾತಿಯ ಪ್ರಾಣಿ ಎದುರಾದರಂತೂ ಮಿಂಚನ ಕರೆಂಟು ತಾಗುವುದೇ ಇಲ್ಲ. "ಅರ್ತ್ ಆಗೋಯ್ತದೆ ಬಿಡು, ನಮ್ಮ ಮೋಟರ್ ಇದ್ದಂಗೇ" ಎಂದು ಶಶಿ ಒಂದೇ ಮಾತಿನಲ್ಲಿ ಅರ್ಥ ಮಾಡಿಸಿದ್ದ. ಅಂಥ ಹೊತ್ತಿನಲ್ಲಿ ಮಿಂಚನನ್ನು ಗೂಡಿಗೆ ವಾಪಸು ಕರೆದು ಬೇರೆ ಪ್ರಾಣಿಯನ್ನು ಬಿಡಬೇಕು.

ಮೊದಲ ವಾರವೇ ಅನಾಹುತವಾಯಿತು. ಎದುರಿಗೆ ಹುತ್ತದ ಆಕಾರದ ಮಣ್ಣಿನ ಪ್ರಾಣಿ ಬಂದು ನಿಂತಿತ್ತು. ಹೇಮಾ ಮಿಂಚನನ್ನು ಕರೆಯಲು ಬೆರಳೆತ್ತಿದಳು. ಹಿಂದೆ ನಿಂತಿದ್ದ ರೇವಣಪ್ಪನವರಿಗೆ ಅದನ್ನು ಸಹಿಸಲಾಗಲಿಲ್ಲ.

"ಏ ಏ, ಬೆನ್ನು ತಿರುಗಿಸ್ಬ್ಯಾಡ! ಟಗರು ಹಿಂದಕ್ಕೆ ಸರಿಯೋದು ಬ್ಯಾರೆ, ಅದು ಹಾಯೋಕೆ. ಬೆನ್ನು ತೋರಿಸ್ತು ಅಂದ್ರೆ ಸೋತಂಗೇ ಕಣವ್ವ. ನಮ್ಮನೇದು ಯಾವ್ದೂ ಬೆನ್ನು ತೋರಿಸಿಲ್ಲ!"

ಮಾವನ ಮಾತು ಮೀರಿ ಅಭ್ಯಾಸವಿಲ್ಲ. ಹೇಮಾ ಬೆರಳು ಸರಿಸಿದಳು. ಮಿಂಚ ಎದುರಿಗೇ ನಿಂತ, ಹೊಡೆದ, ತಾಗಲಿಲ್ಲ, ಬಿದ್ದ. ಬಿದ್ದದ್ದನ್ನು ಅನು ನೋಡಿದಳು. ಅವಳು ಅಳಲಿಲ್ಲ. ತೊಡೆಯಿಂದ ಇಳಿದು ಹೋಗಿ ಒರಳುಕಲ್ಲಿಗೆ ಹಣೆ ಚಚ್ಚಿಕೊಳ್ಳತೊಡಗಿದಳು. ಹಿಡಿಯುವಷ್ಟರಲ್ಲಿ ನಾಲ್ಕು ಹೊಲಿಗೆ ಹಾಕಿಸುವಷ್ಟು ಒಡೆದಿತ್ತು. ಆಮೇಲೆ ರೇವಣಪ್ಪ ಆಟದ ವಿಷಯಕ್ಕೆ ಬಾಯಿ ಹಾಕಲಿಲ್ಲ. ಮೊಮ್ಮಗಳ ಹಣೆಯ ಮೇಲಿನ ಗೀಟು ಕಂಡಾಗಲೆಲ್ಲ ಟವೆಲು ಕೊಡವಿ ಎದ್ದು ಕುರಿಯ ಕಡೆ ಹೋಗುತ್ತಿದ್ದರು.

ಆಟವನ್ನು ತೆಗೆದುಹಾಕಿದರೂ ಅನು ಬಿಡಲಿಲ್ಲ. ಫೋನನ್ನು ಎದೆಗವಚಿಕೊಂಡು ಎರಡು ದಿನ ಊಟ ಬಿಟ್ಟಳು. ಆಗ ಹೇಮಾ ಆಟವನ್ನು ಮತ್ತೆ ಹಾಕಿಕೊಂಡು ತಮ್ಮನಿಗೆ ಫೋನು ಮಾಡಿದಳು.

"ತಿಪ್ಪೇಶ, ಗೆಲ್ಲೋದು ಬ್ಯಾಡ ಕಣೋ. ಅದು ಬೀಳ್ದಂಗೆ ಆಡೋದು ಹೇಳ್ಕೊಡು."

"ಅಕ್ಕ, ಬೀಳ್ದಂಗೆ ಆಡೋದೇ ಗೆಲ್ಲೋದ್ಕಿಂತ ಕಷ್ಟ."

"ಕಷ್ಟ ಸುಖ ನಾನ್ ಕೇಳಿದ್ನಾ? ಹೇಳು ಅಂದ್ರೆ ಹೇಳು."

ಅವನು ಹೇಳಿದ, ಅವಳು ಹಾಲಿನ ಡೈರಿಯವರು ಕೊಟ್ಟ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡಳು. ಮಿಂಚ ನಿಂತು ಕಾದಾಡುವವನಲ್ಲ, ಮುಟ್ಟಿ ಓಡುವವನು. ಮೊದಲ ಏಟು ಹೊಡೆದ ಕೂಡಲೇ ಕರೆ, ಅವನ ಜಾಗಕ್ಕೆ ಆಮೆಯನ್ನು ಬಿಡು, ಬರುವ ಏಟನ್ನು ಅದರ ಚಿಪ್ಪು ತಿನ್ನಲಿ. ಎದುರಾಳಿಯ ಹತ್ತಿರ ಮಣ್ಣಿನದು ಇದೆಯೆಂದು ಗೊತ್ತಿದ್ದರೆ, ಅದು ಬರುವ ಮುಂಚೆಯೇ ಊಹಿಸಿ ಬಳ್ಳಿಯ ಪ್ರಾಣಿಯನ್ನು ಬಿಡು, ಬಳ್ಳಿ ಮಣ್ಣನ್ನು ಹೀರುತ್ತದೆ. ಮಣ್ಣಿನದು ಮಲಗಿದ ಮೇಲೆಯೇ ಮಿಂಚನಿಗೆ ಬಯಲು. ವೇಗವನ್ನೂ ಮೀರಿ ಮೊದಲು ಬೀಳುವ ಕಳ್ಳೇಟುಗಳಿರುತ್ತವೆ, ಅದಕ್ಕೆ ಕೊರಳಿಗೆ ತಾಯತ ಕಟ್ಟು, ಒಂದೇ ಒಂದು ಸಲ ಉಸಿರು ಉಳಿಸುತ್ತದೆ. ರೊಟ್ಟಿ ತಟ್ಟುವಾಗ, ಬ್ಲೌಸಿಗೆ ಹುಕ್ಕು ಹಾಕುವಾಗ ಹೇಮಾ ಇದನ್ನೆಲ್ಲ ಮಗ್ಗಿಯಂತೆ ಹೇಳಿಕೊಂಡಳು. ಮೂರು ತಿಂಗಳು ಮಿಂಚ ಬೀಳಲಿಲ್ಲ. ಪಂದ್ಯಗಳನ್ನು ಎಷ್ಟೋ ಸೋತಳು, ಆಮೆಯನ್ನೂ ಬಳ್ಳಿಯನ್ನೂ ಕೊಟ್ಟು ಸೋತಳು. ಮಿಂಚ ಮಾತ್ರ ಗೂಡಿನಲ್ಲಿ ಕ್ಷೇಮವಾಗಿರುತ್ತಿದ್ದ.

ಪ್ರತಿ ಸಲ ಹಿಂದಕ್ಕೆ ಕರೆಯುವಾಗ ಅವಳು ಬಾಯಿಬಿಟ್ಟು ಹೇಳುತ್ತಿದ್ದಳು, "ಬಾ ಮಿಂಚ, ಬಾ."

ಒಂದು ಗುರುವಾರ, ಕಡೂರಿನ ಬಸ್ಸಿನಲ್ಲಿ, ಎದುರಾಳಿಯ ಮಣ್ಣಿನ ಪ್ರಾಣಿ ಪರದೆಯಲ್ಲಿ ಕಾಲಿಟ್ಟಿತು. ಹೇಮಾ ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಿದ್ದಳು, ನೋಡಿರಲಿಲ್ಲ. ತೊಡೆಯ ಮೇಲಿಂದ ಒಂದು ಸ್ವರ ಬಂತು.

"ಬಾ."

ಹೇಮಾಳ ಕೈಯಿಂದ ಚಿಲ್ಲರೆ ಬಿತ್ತು. ಕಂಡಕ್ಟರು, "ಏನಮ್ಮ, ದುಡ್ಡು ಚೆಲ್ತೀಯ?" ಎಂದ. ಅವಳು ಗುಂಡಿ ಒತ್ತಿ ಮಿಂಚನನ್ನು ಕರೆದುಕೊಂಡಳು.

ಅಕ್ಷತಾ ಟೀಚರ್ ಎದುರಿಗೂ ಅನು ಆಡಿ ತೋರಿಸಿದಳು. ಹಕ್ಕಿ ಬಂದರೆ ಸುಮ್ಮನೆ, ನೀರಿನದು ಬಂದರೂ ಸುಮ್ಮನೆ. ಮಣ್ಣಿನದು ಬಂದರೆ ಮಾತ್ರ "ಬಾ". ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಹೇಮಾ, ಇದು ಗಿಣಿಪಾಠ ಅಲ್ಲ. ಅವಳಿಗೆ ಅಪಾಯ ಕಾಣ್ತಿದೆ, ಅದಕ್ಕೆ ಕರೀತಿದ್ದಾಳೆ. ಈ ಮಾತನ್ನ ಫೋನಿಂದ ಆಚೆ ತರಬೇಕು. ನಿಮ್ಮನ್ನ ಕರೀಬೇಕು ಅವಳು. ನಿಧಾನಕ್ಕೆ, ಆರು ತಿಂಗಳಾಗ್ಲಿ, ವರ್ಷ ಆಗ್ಲಿ."

ವರ್ಷ ಸಿಗಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ ತಿಪ್ಪೇಶನ ಫೋನು ಬಂತು. ಆಟದ ಕಂಪನಿಯವರು ಆಟವನ್ನು ನಿಲ್ಲಿಸುತ್ತಾರಂತೆ. ಇಪ್ಪತ್ತೆಂಟು ದಿನ, ಅಷ್ಟೆ. ಅವರ ಕಂಪ್ಯೂಟರು ಆರಿಸಿದ ಮೇಲೆ ಫೋನಿನಲ್ಲಿ ಏನೂ ಉಳಿಯುವುದಿಲ್ಲ.

"ಕಾಳಗ ವಿಡಿಯೋ ಮಾಡಿ ಇಟ್ಕೊಳ್ಳೋಣ ಅಕ್ಕ" ಎಂದ ತಿಪ್ಪೇಶ. ಮಾಡಿಕೊಟ್ಟ. ಅನು ಅದನ್ನು ಒಂದು ಸಲ ನೋಡಿದಳು. ಅವಳು ಬಾ ಎಂದರೂ ಅನ್ನದಿದ್ದರೂ ವಿಡಿಯೋದ ಮಿಂಚ ತನ್ನ ಪಾಡಿಗೆ ಹೋಗುತ್ತಿದ್ದ, ಬರುತ್ತಿದ್ದ. ಫೋನನ್ನು ಪಕ್ಕಕ್ಕೆ ನೂಕಿದಳು. ಬೇರೆ ಮೂರು ಆಟ ಹಾಕಿಕೊಟ್ಟರು. ಕಣ್ಣೆತ್ತಿ ನೋಡಲಿಲ್ಲ.

ಹೇಮಾ ಇಪ್ಪತ್ತೆಂಟು ದಿನವನ್ನೂ ಬಿಡಿಬಿಡಿಯಾಗಿ ಬಳಸಿದಳು. ನೀಲಿ ಸೀರೆ ಉಟ್ಟು ತಾನೇ ಮಿಂಚನಾದಳು. ಟೀಚರ್ ಹೇಳಿಕೊಟ್ಟಂತೆ ಮಗಳಿಂದ ಹತ್ತು ಹೆಜ್ಜೆ ಓಡುವುದು, ಬೆನ್ನು ತಿರುಗಿಸಿ ನಿಲ್ಲುವುದು, ಬಾ ಎಂದು ಕರೆಯುವವರೆಗೆ ಕಾಯುವುದು. ಮಣ್ಣಿನ ಪ್ರಾಣಿ ಯಾರು? ಯಾರೂ ಕೇಳದೆಯೇ ರೇವಣಪ್ಪ ಗೋಣಿಚೀಲ ಹೊದ್ದು ಅಂಗಳದಲ್ಲಿ ನಾಲ್ಕು ಕಾಲಾದರು. ಎಪ್ಪತ್ತರ ಮನುಷ್ಯ, ಮೊಣಕಾಲು ನೋವು, ಹೂಂಕರಿಸುತ್ತ ಸೊಸೆಯ ಕಡೆ ಬಂದರು.

ಮಾರಮ್ಮ ಬೇಲಿಯಾಚೆಯಿಂದ, "ರೇವಣಣ್ಣ, ಹಲ್ಲು ಎಷ್ಟಾದ್ವು?" ಎಂದಳು.

"ಎಲ್ಲ ಉದುರವೆ, ಬಂದು ಎಣಿಸ್ಕ ಬಾ!"

ಎಷ್ಟೋ ದಿನಕ್ಕೆ ಮನೆಯವರೆಲ್ಲ ನಕ್ಕರು. ಅನು ಮಾತ್ರ ಗೋಣಿಚೀಲದಿಂದ ಬಿದ್ದ ಒಂದು ನಾರನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ತಾಯಿಯ ಕಡೆಗಾಗಲಿ ಟಗರಾದ ಅಜ್ಜನ ಕಡೆಗಾಗಲಿ ನೋಡಲಿಲ್ಲ.

ಕೊನೆಯ ದಿನ ಬೆಳಗ್ಗೆ ಹನ್ನೊಂದೂವರೆಗೆ ಆಟ ಆರುವುದಿತ್ತು. ತಿಪ್ಪೇಶ ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸಿಗೇ ಬಂದ. ಅಕ್ಕನಿಗೆ ಎದುರಾಳಿಯಾಗಿ ತಾನೇ ಕೂತು, ತನ್ನ ಮಣ್ಣಿನ ಹುತ್ತವನ್ನು ಮತ್ತೆ ಮತ್ತೆ ಕಣಕ್ಕಿಳಿಸಿದ. ಒಂದು ಏಟನ್ನೂ ಹೊಡೆಯಲಿಲ್ಲ. ಅನು ಪ್ರತಿ ಸಲವೂ ಬಾ ಎಂದಳು. ಹೇಮಾ ಎಣಿಸುತ್ತಿದ್ದಳು: ಹನ್ನೆರಡು, ಹದಿಮೂರು. ಹನ್ನೊಂದೂಕಾಲಿಗೆ ತಿಪ್ಪೇಶ ಮೆಲ್ಲಗೆ, "ಸಾಕಕ್ಕ. ಕಣದ ಮೇಲಿದ್ದಾಗ ಹೋಗೋದು ಬ್ಯಾಡ. ಗೂಡಿಗೆ ಕರ್ಕೊ" ಎಂದ.

ಹೇಮಾ ಗುಂಡಿಯ ಮೇಲೆ ಮಗಳ ಬೆರಳನ್ನೇ ಇಟ್ಟಳು.

"ಬಾ" ಎಂದಳು ಅನು. ಮಿಂಚ ತಿರುಗಿ ಓಡಿಬಂದು ಗೂಡು ಸೇರಿದ. ಹದಿನಾಲ್ಕು.

ಆಮೇಲೆ ಪರದೆ ಬಿಳುಪಾಗಿ, ಇಂಗ್ಲಿಷಿನಲ್ಲಿ ಎರಡು ಸಾಲು ಬಂದವು. ಅನು ಕಾದಳು. ಫೋನನ್ನು ಮಗುಚಿ ಹಿಂಬದಿ ನೋಡಿದಳು. ಬಾ, ಎಂದಳು. ಬಾ. ತಿಪ್ಪೇಶ ಎದ್ದು ಚಪ್ಪಲಿ ಹುಡುಕುವವನಂತೆ ಬಾಗಿಲ ಕಡೆ ಹೋದ, ಚಪ್ಪಲಿ ಅವನ ಕಾಲಲ್ಲೇ ಇತ್ತು. ಹೇಮಾ ಮಗಳ ಮುಖದ ಎದುರಿಗೇ ಕೂತು, "ಬಂದೆ ಕಂದ, ಇಲ್ಲಿ ನೋಡು, ಬಂದೆ" ಎಂದಳು. ಅನು ಅವಳ ಭುಜದ ಪಕ್ಕದಿಂದ ತಲೆ ಹೊರಳಿಸಿ ಫೋನನ್ನೇ ನೋಡಿದಳು. ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. ಚಚ್ಚಿಕೊಂಡಿದ್ದರೆ ಹಿಡಿದುಕೊಳ್ಳಬಹುದಿತ್ತು ಎನ್ನಿಸಿತು ಹೇಮಾಗೆ.

ಮಾರನೆಯ ದಿನದಿಂದ ಅವಳು ಕ್ಯಾಲೆಂಡರಿನಲ್ಲಿ ಆ ದಿನದ ಮಾತಿನ ಲೆಕ್ಕ ಗುರುತು ಹಾಕಿದಳು. ಹನ್ನೊಂದು. ಒಂಬತ್ತು. ನಾಲ್ಕು. ಮತ್ತೆ ನಾಲ್ಕು. ಒಂದು. ಎಲ್ಲವೂ ಆರಿದ ಫೋನಿಗೆ ಹೇಳಿದವು, ಒಂದೂ ಮನುಷ್ಯರಿಗಲ್ಲ. ಆಮೇಲೆ ಸೊನ್ನೆ. ಸೊನ್ನೆಗಳ ಎರಡನೇ ವಾರ ಅಕ್ಷತಾ ಟೀಚರ್, "ಹೋಗಿರೋ ಮಾತು ಕೆಲವು ಮಕ್ಕಳಿಗೆ ತಿರುಗಿ ಬರುತ್ತೆ" ಎಂದರು. ಕೆಲವು ಎಂದರೆ ಎಷ್ಟು ಎಂದು ಹೇಮಾ ಕೇಳಲಿಲ್ಲ.  ಹತ್ತು ಹೆಜ್ಜೆಯ ಅಭ್ಯಾಸ ಬಿಡಬೇಡಿ ಎಂದು ಮಾತ್ರ ಟೀಚರ್ ಹೇಳಿದರು.

ಅವಳು ಬಿಡಲಿಲ್ಲ. ಮೊನ್ನೆ ಮಧ್ಯಾಹ್ನವೂ, ಅಂಗಳದಲ್ಲಿ ಹರವಿದ್ದ ರಾಗಿಯ ಪಕ್ಕ ಮಗಳನ್ನು ಕೂರಿಸಿ, ಕುರಿದೊಡ್ಡಿಯ ಕಡೆಗೆ ಹತ್ತು ಹೆಜ್ಜೆ ಎಣಿಸಿ ಹೋಗಿ ಬೆನ್ನು ತಿರುಗಿಸಿ ನಿಂತಳು. ನೀಲಿ ಸೀರೆ ಒಗೆದು ಒಗೆದು ಮಾಸಿತ್ತು. ಹಿಂದಿನಿಂದ ರಾಗಿ ಬೆರಳಸಂದಿಯಲ್ಲಿ ಸೋರುವ ಸದ್ದು ಬರುತ್ತಿತ್ತು. ದೊಡ್ಡಿಯ ಮೂಲೆಯಲ್ಲಿ ನೆರಳು ನೋಡಿ ಕೂತಿದ್ದ ರೇವಣಪ್ಪ ಸೊಸೆಯನ್ನೇ ನೋಡುತ್ತಿದ್ದರು. ಅವಳ ನೆತ್ತಿಯ ಮೇಲೆ ಬಿಸಿಲು ಉರಿಯುತ್ತಿತ್ತು. ತಡೆಯಲಾರದೆ ಅವರು ಬಾಯಿ ತೆರೆದರು.

"ಸಾಕು ಕಣವ್ವ ಹೇಮಾ, ಬಾ..."

ಹೇಮಾ ಕೈಯೆತ್ತಿ ತಡೆದಳು.

"ನೀವು ಅನ್ಬ್ಯಾಡ್ರಿ ಮಾವ. ನೀವು ಅನ್ಬ್ಯಾಡ್ರಿ."

 ಹೇಮಾ ಇನ್ನಷ್ಟು ಹೊತ್ತು ನಿಂತಳು. ಕೊನೆಗೆ ಯಾರೂ ಕರೆಯದೆ ತಾನಾಗಿಯೇ ತಿರುಗಿ, ಹತ್ತು ಹೆಜ್ಜೆ ನಡೆದು ಬಂದು, ಮಗಳ ಕೈಗೆ ಅಂಟಿದ್ದ ಕಾಳು ಕೊಡವಿ ಮೊರ ಎತ್ತಿಕೊಂಡಳು. ಬಿಸಿಲು ಇಳಿಯುವುದರೊಳಗೆ ರಾಗಿ ಕೇರಿ ಮುಗಿಸುವುದಿತ್ತು.