ಅಕ್ಕನ ಫೋನಿಗೆ ಹೋದ ನನ್ನ ವಿಳಾಸ

ಮಾನ್ಯ ಓದುಗರಲ್ಲಿ ಮೊಟ್ಟಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಕಾಗುಣಿತ ಅಷ್ಟಕ್ಕಷ್ಟೇ. ಅಕ್ಷರಗಳಂತೂ, ಬಲಗೈ ಹೆಬ್ಬೆರಳು ನೋಯುವ ಕಾರಣ, ಗೆರೆ ಬಿಟ್ಟು ಕೆಳಗಿಳಿಯುತ್ತವೆ. ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪತ್ರವ್ಯವಹಾರ ನೋಡಿಕೊಂಡವಳು ನಾನು. ವಿಜಯಪುರ, ಬಾಗಲಕೋಟೆ ಕಡೆಯ ವ್ಯಾಪಾರಿಗಳಿಗೆ 'ತಮ್ಮ ಈರುಳ್ಳಿ ಚೀಲಗಳು ಸುರಕ್ಷಿತವಾಗಿ ತಲುಪಿರುತ್ತವೆ' ಎಂದು ಬರೆಯುವುದಕ್ಕಿಂತ ಹೆಚ್ಚಿನ ಸಾಹಿತ್ಯ ನನ್ನಿಂದ ಆಗಿಲ್ಲ. ಸ್ವಂತದ ಸಂಗತಿ ಬರೆಯುತ್ತಿರುವುದು ಇದೇ ಮೊದಲು. ಬೇರೆ ಶೈಲಿ ಬಾರದ್ದರಿಂದ ಅದೇ ಶೈಲಿಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ವಿಷಯ: ನಾವು ಗುಲ್ಟೇಕಡಿಯಿಂದ ವಿಮಾನ ನಗರಕ್ಕೆ ಮನೆ ಬದಲಿಸಿದ್ದು ಮತ್ತು ಹೊಸ ವಿಳಾಸವನ್ನು ಅಕ್ಕನಿಗೆ ತಿಳಿಸದೆ ಇದ್ದದ್ದು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಇಬ್ಬರೂ ಮದುವೆಯಾಗಿ ಪುಣೆಗೆ ಬಂದವರು. ಗುಲ್ಟೇಕಡಿಯ ಒಂದೇ ಗಲ್ಲಿಯಲ್ಲಿ, ಮೂರು ಕಟ್ಟಡಗಳ ಅಂತರದಲ್ಲಿ ಸಂಸಾರ ಮಾಡಿದವರು. ಮನೆತನದಲ್ಲಿ ಮೊದಲು ಮೊಬೈಲ್ ಕೊಂಡವಳು ಆಕೆ. ಅಂದಿನಿಂದ ಯಾವ ಅಂಗಡಿಯ ಹಣ ಕಟ್ಟುವ ಗಲ್ಲೆಯಲ್ಲಿ ನಂಬರ್ ಕೇಳಿದರೂ ನಾನು ಅಕ್ಕನ ನಂಬರನ್ನೇ ಹೇಳುತ್ತ ಬಂದೆ. ಮುಂದೆ ನನಗೂ ಫೋನ್ ಬಂತು, ಆದರೆ ನಾಲಿಗೆಯ ರೂಢಿ ಬದಲಾಗಲಿಲ್ಲ. ನನ್ನ ಸ್ವಂತ ನಂಬರ್ ಇಂದಿಗೂ ನನಗೆ ಬಾಯಿಪಾಠವಿಲ್ಲ; ಡೈರಿಯ ಮೊದಲ ಪುಟದಲ್ಲಿದೆ.

ಬಿಲ್ಲನ್ನು ಕಾಗದದಲ್ಲಿ ಕೊಡದೆ ಫೋನಿಗೆ ಕಳಿಸುವ ಕಾಲ ಬಂದಾಗ, ನಾನು ಕೊಂಡದ್ದೆಲ್ಲವೂ ಅಕ್ಕನ ಅವಗಾಹನೆಗೆ ಹೋಗತೊಡಗಿತು. ಆಕೆ ಪ್ರತಿಯೊಂದು ಬಿಲ್ಲನ್ನೂ ಬಿಚ್ಚಿ ಓದುತ್ತಿದ್ದಳು. ಸಂಜೆ ಗಲ್ಲಿಯಲ್ಲಿ ಸಿಕ್ಕಾಗ "ಮತ್ತ ಅದ ತುಟ್ಟಿ ಸಾಬೂನ ತಂದೀಯೇನು?" ಎಂದು ಕೇಳುವಳು. ಈ ಬಗ್ಗೆ ನಾನು ಆಕ್ಷೇಪಣೆ ಸಲ್ಲಿಸಿರಲಿಲ್ಲ. ಸಾಬೂನಿನ ಮಟ್ಟಿಗೆ ಸಹಿಸಬಹುದಿತ್ತು.

ನಂತರ ನಮ್ಮ ತಮ್ಮನ ಸೊಸೆಯ ಕುಬಸ ಬಂತು. ಬಸುರಿಯ ಉಡಿ ತುಂಬಿ ಹೆಂಗಸರೆಲ್ಲ ಊಟಕ್ಕೆ ಕೂತಿದ್ದಾಗ ಬೀಗರೊಬ್ಬರು ನನ್ನನ್ನು ನೋಡಿ, "ನಿಮ್ಮ ಕೂದ್ಲ ಇನ್ನೂ ಭಾಳ ಕರ್ರಗ ಅವ ನೋಡ್ರಿ" ಎಂದರು. ನಾನು ವಿನಯದಿಂದ ತಲೆ ತಗ್ಗಿಸುವಷ್ಟರಲ್ಲಿ ಅಕ್ಕ ಹೋಳಿಗೆ ಮುರಿಯುತ್ತ, "ಇರಲಾರದ ಏನ್ರಿ? ಎರಡ ತಿಂಗಳಿಗೊಮ್ಮೆ ಬಣ್ಣದ ಡಬ್ಬಿ ತರ್ತಾಳ. ಬಿಲ್ ನನ್ನ ಫೋನಿಗೇ ಬರ್ತದ" ಎಂದಳು. ಇಡೀ ಪಂಕ್ತಿ ನಕ್ಕಿತು. ಬಡಿಸುವವಳೂ ನಕ್ಕಳು.

ಆ ದಿನದಿಂದ ಅಕ್ಕನೊಡನೆ ಮಾತನ್ನು ಸ್ಥಗಿತಗೊಳಿಸಲಾಯಿತು. ತಲೆಗೆ ಬಣ್ಣ ಹಚ್ಚುವುದನ್ನೂ ನಿಲ್ಲಿಸಲಾಯಿತು.

ಒಂದೂವರೆ ವರ್ಷ ಹೀಗೆಯೇ ಕಳೆಯಿತು. ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಕಟ್ಟುವುದಕ್ಕಾಗಿ ಬಿಲ್ಡರ್‌ಗೆ ಒಪ್ಪಿಸಿದ್ದರಿಂದ, ವಿಮಾನ ನಗರದಲ್ಲಿ ಖಾಲಿ ಇದ್ದ ಮೈದುನನ ಫ್ಲಾಟಿಗೆ ನಾವು ಹೊರಟೆವು. ಹೋಗುತ್ತಿರುವುದು ಗಲ್ಲಿಗೆಲ್ಲ ಗೊತ್ತಿತ್ತು. ಎಲ್ಲಿಗೆ ಎಂಬುದನ್ನು ಮಾತ್ರ ನಾನು ಗೋಪ್ಯ ಕಡತದಲ್ಲಿಟ್ಟಿದ್ದೆ. ಯಾರಿಗೂ ಹೇಳಕೂಡದೆಂದು ಯಜಮಾನರಿಗೂ ಮೈದುನನಿಗೂ ತಾಕೀತು ಮಾಡಿದ್ದೆ. ಸಾಮಾನು ತುಂಬುವಾಗ ಅಕ್ಕ ತನ್ನ ಗ್ಯಾಲರಿಯಲ್ಲಿ ನಿಂತು, ಆಗಲೇ ಒಣಗಿದ್ದ ಬಟ್ಟೆಗಳನ್ನು ತಿರುವಿ ಹಾಕುತ್ತಿದ್ದಳು.

ಇಲ್ಲಿ ನನ್ನಿಂದಾದ ಒಂದು ಪ್ರಮಾದವನ್ನು ಒಪ್ಪಿಕೊಳ್ಳಬೇಕು. ಸಾಮಾನು ಸಾಗಿಸುವ ಕಂಪನಿಯವರು ನಾಲ್ಕು ಪುಟದ ಫಾರ್ಮ್ ಕೊಟ್ಟಿದ್ದರು. ಯಾವ ಅಂಕಣವನ್ನೂ ಖಾಲಿ ಬಿಡಬಾರದೆಂಬುದು ಕಚೇರಿಯಲ್ಲಿ ನಾನು ಕಲಿತ ಮೊದಲ ಪಾಠ. ಆದ್ದರಿಂದ ನೀರು ಶುದ್ಧಿ ಮಾಡುವ ಯಂತ್ರ: ಇಲ್ಲ. ಏಸಿ: ಇಲ್ಲ. ವ್ಯಾಯಾಮದ ಸಾಧನ: ಇಲ್ಲ. ಸಾಮಾನಿಗೆ ವಿಮೆ: ಇಲ್ಲ. ಹೊಸ ವಿಳಾಸ, ಡೈರಿ ನೋಡಿ ನನ್ನ ಫೋನ್ ನಂಬರ್, ಎಲ್ಲವನ್ನೂ ದುಂಡಾಗಿ ಬರೆದೆ. ಕೊನೆಯ ಅಂಕಣ 'ನಾವು ಸಿಗದಿದ್ದರೆ ಸಂಪರ್ಕಿಸಬೇಕಾದ ಹತ್ತಿರದ ಸಂಬಂಧಿಕರು' ಎಂದಿತ್ತು. ಅಲ್ಲಿಯೂ 'ಇಲ್ಲ' ಎಂದು ಬರೆದೆ.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿ ಇನ್ನೂ ಒಲೆ ಒರೆಸಿರಲಿಲ್ಲ, ನೀರಿನ ಯಂತ್ರ ಮಾರುವವನು ಗಂಟೆ ಒತ್ತಿದ. ವಿಳಾಸ ಕೊಟ್ಟವರು ಯಾರೆಂದು ನಾನು ಮರಾಠಿಯಲ್ಲಿ ವಿಚಾರಣೆ ನಡೆಸಿದೆ. "ಸಿಸ್ಟಮ್‌ಮಧ್ಯೆ ದಿಸತಂಯ್, ಕಾಕೂ" ಎಂದ. ಸಿಸ್ಟಮ್‌ನಲ್ಲಿ ಕಾಣಿಸುತ್ತಿದೆಯಂತೆ. ಸಂಜೆ ಏಸಿಯವರು ಫೋನ್ ಮಾಡಿದರು. ಮರುದಿನ ವ್ಯಾಯಾಮ ಶಾಲೆಯವರು ಅರವತ್ತು ಸಮೀಪಿಸಿದ ನನ್ನನ್ನು ಒಂದು ವಾರ ಪುಕ್ಕಟೆ ಓಡಲು ಕರೆದರು. ವಿಮೆಯವಳು ನಮ್ಮ ಕಟ್ಟಡದ ಹೆಸರನ್ನು ನನಗಿಂತ ಸ್ಪಷ್ಟವಾಗಿ ಉಚ್ಚರಿಸಿದಳು.

ಯಜಮಾನರು ಪೇಪರಿನ ಹಿಂದಿನಿಂದ ಷರಾ ಬರೆದರು: "ಫಾರ್ಮಿನ್ಯಾಗ ಎಲ್ಲೆಲ್ಲಿ 'ಇಲ್ಲ' ಅಂತ ಬರದೀಯೋ, ಅವೆಲ್ಲಾ ಒಂದೊಂದ ಮನಿಗೆ ಬರಾಕತ್ತಾವ ನೋಡು."

"ಎಲ್ಲಾ ಬಂದಿಲ್ಲ" ಎಂದೆ.

ಅವರು ಪೇಪರ್ ಇಳಿಸಿ ನನ್ನ ಮುಖ ನೋಡಿದರು.

ಸತ್ಯವನ್ನೇ ನಿವೇದಿಸುವುದಾದರೆ, ವಿಳಾಸ ಬಚ್ಚಿಟ್ಟವಳೂ ನಾನೇ, ಅಕ್ಕ ಅದನ್ನು ಹುಡುಕಿಕೊಂಡು ಬರಲೆಂದು ಕಾದವಳೂ ನಾನೇ. ಯಾವ ನೆಂಟಸ್ತಿಕೆಯೂ ಇಲ್ಲದ ಕಂಪನಿಗಳು ಒಂದೇ ದಿನದಲ್ಲಿ ಪತ್ತೆ ಹಚ್ಚಿದ ಮನೆಯನ್ನು ಒಡಹುಟ್ಟಿದವಳು ನಾಲ್ಕು ತಿಂಗಳಾದರೂ ಹುಡುಕಲಿಲ್ಲ. ಗಂಟೆಯ ಸದ್ದಾದಾಗಲೆಲ್ಲ ನಾನು ಸೆರಗು ಸರಿ ಮಾಡಿಕೊಂಡು ಹೋಗಿ, ಏಸಿಯವನಿಗೆ ಬಾಗಿಲು ತೆರೆಯುತ್ತಿದ್ದೆ.

ಮಳೆಗಾಲ ಜೋರಾಗಿದ್ದ ಒಂದು ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡಿತು. ಬಿಪಿ ಗುಳಿಗೆಯೂ ಮುಗಿದಿತ್ತು. ಯಜಮಾನರು ಕೆಲಸದ ಮೇಲೆ ಲೋಣಾವಳಾಕ್ಕೆ ಹೋಗಿದ್ದರು. ಔಷಧ ಅಂಗಡಿಗೆ ಫೋನ್ ಮಾಡಿ ಮನೆಗೇ ಕಳಿಸಲು ಕೋರಿದೆ. ಇದು ಊರ ತುಂಬ ಶಾಖೆಗಳಿರುವ ಅಂಗಡಿ. ಗುಲ್ಟೇಕಡಿಯಲ್ಲೂ ಇದೆ, ಇಲ್ಲಿಯೂ ಇದೆ. ನಮ್ಮ ಹೊಸ ವಿಳಾಸವನ್ನು ಬಂದ ವಾರವೇ ಗಲ್ಲೆಯಲ್ಲಿ ಬರೆಸಿದ್ದೆ. ಅಂಗಡಿಯ ಹುಡುಗಿ, "ನಿಮ್ಮ ನಂಬರಿಗೆ ಓಟಿಪಿ ಬಂದಿದೆ, ಹೇಳಿ" ಎಂದು ಹಿಂದಿಯಲ್ಲಿ ಕೇಳಿದಳು. ನನ್ನ ಫೋನಿಗೆ ಏನೂ ಬಂದಿರಲಿಲ್ಲ. ಯಾವ ನಂಬರ್ ಎಂದು ಕೇಳಿದೆ. ಆಕೆ ಕೊನೆಯ ನಾಲ್ಕು ಅಂಕಿ ಹೇಳಿದಳು. ಮಾತು ಬಿಟ್ಟ ಮೇಲೂ, ನನ್ನ ಅರಿವಿಗೇ ಬಾರದಂತೆ, ನಾಲ್ಕು ತಿಂಗಳಿಂದ ಆ ಗಲ್ಲೆಯಲ್ಲಿ ನನ್ನ ನಾಲಿಗೆ ಹೇಳುತ್ತಿದ್ದದ್ದು ಅಕ್ಕನ ನಂಬರ್.

ಕೂಡಲೇ ಅದನ್ನು ತೆಗೆದುಹಾಕಬೇಕೆಂದೆ. ತೆಗೆಯಬಹುದು, ಆದರೆ ಅದಕ್ಕೂ ಆ ನಂಬರಿಗೆ ಬರುವ ಓಟಿಪಿಯೇ ಬೇಕು, ಹತ್ತು ನಿಮಿಷ ಸಮಯವಿದೆ ಎಂದಳು. ಅಕ್ಕನನ್ನು ದೂರವಿಡಲು ಅಕ್ಕನ ಅನುಮತಿ ಪಡೆಯಬೇಕೆಂಬ ಈ ನಿಯಮವನ್ನು ರೂಪಿಸಿದವರು ಯಾರೋ ತಿಳಿಯದು.

ಅಕ್ಕ ಮೊದಲ ರಿಂಗಿಗೇ ಎತ್ತಿದಳು.

"ನಾನ" ಎಂದೆ.

"ಹೂಂ. ಓಟಿಪಿ ಬೇಕಾಗಿತ್ತೇನು?"

"ಹೌದು. ಹೇಳು."

"ಎದಕ್ಕ?"

"ನಿನ್ನ ನಂಬರ್ ತಗಸಬೇಕು."

ಅಷ್ಟರಲ್ಲಿ ನಮ್ಮ ಮಾಳಿಗೆಯ ಮೇಲೆ ವಿಮಾನವೊಂದು ಹಾದುಹೋಯಿತು.

"ಆರನೇ ಮಜಲಿಗೆ ಸಪ್ಪಳ ಭಾಳ ಇರ್ತದಲ್ಲ" ಎಂದಳು ಅಕ್ಕ.

"ಆರನೇ ಮಜಲಂತ ನಿನಗ ಯಾರ ಹೇಳಿದ್ರು?"

"ನೀನ ಹೇಳೀದಿ. ಬಿಲ್ ಬರ್ತದ, ಅದರ ಮ್ಯಾಲ ವಿಳಾಸ ಇರ್ತದ. ಮೊದಲ ಗುಳಿಗಿ ಒಂದ ಪಟ್ಟಿ ತಗೋತಿದ್ದಿ, ಎರಡ ತಿಂಗಳಾತು ಎರಡ ಪಟ್ಟಿ ಬರಾಕತ್ತಾವ. ನಿನಗೋ, ನಿಮ್ಮನಿಯವರಿಗೋ?"

"ನನಗ."

"ಹಂಗಂತ ಹೇಳಾಕ ಬಾಯಿ ಇದ್ದಿಲ್ಲೇನು?"

"ನಾಕ ತಿಂಗಳಿಂದ ಮನಿ ಗೊತ್ತಿದ್ದಾಕಿ ಬರಬೇಕಿಲ್ಲೇನು?"

"ಕರದಿದ್ಯಾ? ಮಾರಾಕ ಬರೋರ ಗತೆ ಸುಮ್ಮನ ಬಂದು ಗಂಟಿ ಬಾರಸ್ಲೇನು?"

"ಅಂಕಿ ಹೇಳ ಅಕ್ಕಾ, ಟೈಮ್ ಮುಗೀತದ" ಎಂದೆ.

"ಹೇಳಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ ಅಂತ ಅದರಾಗ ಬರದದ."

"ಅಕ್ಕಾ."

"ಅವತ್ತ ಡಬ್ಬಿ ವಿಚಾರ ನಾಕ ಮಂದ್ಯಾಗ ಹೇಳಿದ್ನಲ್ಲ, ತಪ್ಪಾತು. ಇನ್ನ ಯಾರಿಗೂ ಏನೂ ಹೇಳಂಗಿಲ್ಲ. ನಿನಗೂ ಹೇಳಂಗಿಲ್ಲ" ಎಂದವಳೇ ಫೋನ್ ಇಟ್ಟುಬಿಟ್ಟಳು. ಹತ್ತು ನಿಮಿಷ ಮುಗಿಯಿತು. ಅಂಗಡಿಯವರು ನನ್ನ ಕೋರಿಕೆಯನ್ನು ರದ್ದುಪಡಿಸಿದರು.

ಮಧ್ಯಾಹ್ನ ಗಂಟೆಯ ಸದ್ದಾಯಿತು. ಯಾರೋ ಮಾರಲು ಬಂದಿರಬೇಕೆಂದು ಕುಂಟುತ್ತ ಹೋಗಿ ಬಾಗಿಲು ತೆರೆದೆ. ಅಕ್ಕ ನಿಂತಿದ್ದಳು. ಎರಡು ಬಸ್ ಬದಲಿಸಿ ಬಂದಿದ್ದಳು. ಸೀರೆಯ ಅಂಚು ತೊಯ್ದಿತ್ತು. ಗುಲ್ಟೇಕಡಿ ಶಾಖೆಯಲ್ಲಿ ತನ್ನ ನಂಬರನ್ನೇ ಹೇಳಿ, ಅಂದರೆ ನನ್ನದನ್ನೇ ಹೇಳಿ, ಎರಡು ಪಟ್ಟಿ ಗುಳಿಗೆ ತಂದಿದ್ದಳು. ನನ್ನ ತಲೆಯನ್ನೊಮ್ಮೆ ನೋಡಿದಳು. ಅದು ಪೂರ್ತಿ ಬೆಳ್ಳಗಾಗಿತ್ತು.

"ಎರಡ ವರ್ಷ ಆಗಾಕ ಬಂತು, ಒಂದ ಬಿಲ್ಲಿನ್ಯಾಗೂ ಡಬ್ಬಿ ಇದ್ದಿಲ್ಲ" ಎನ್ನುತ್ತ ಚೀಲದಿಂದ ಬಣ್ಣದ ಡಬ್ಬಿ ತೆಗೆದು ಟಿಪಾಯಿಯ ಮೇಲಿಟ್ಟಳು. "ಹಚ್ಚತೀನಿ, ಕೂಡು."

ನಾನು ಹಳೆಯ ಟವೆಲ್ ಹೊದ್ದು ಕೂತೆ.

ಆ ನಂಬರನ್ನು ನಾನು ಈವರೆಗೆ ಬದಲಿಸಿಲ್ಲ. ಈ ಬರಹದಲ್ಲಿ ಕಂಡುಬರುವ ಎಲ್ಲ ತಪ್ಪುಗಳನ್ನೂ ಬಲ್ಲವರು ದಯಮಾಡಿ ತಿದ್ದಬೇಕಾಗಿ ಕೋರುತ್ತೇನೆ. ತಿದ್ದಿದ್ದನ್ನು ಮನೆಗೆ ಬಂದು ನನ್ನ ಕೈಗೇ ಕೊಟ್ಟರೆ ಉಪಕಾರವಾದೀತು. ಫೋನಿಗೆ ಕಳಿಸಿದರೆ ಅಕ್ಕ ಮೊದಲು ಓದುತ್ತಾಳೆ.